ಪುಟ ತಿರುಗಿಸಿದವಳು

ಮೊದಲು ಒಂದು ಡಬ್ಬಿ ಇತ್ತು, ಅಡುಗೆಮನೆ ಕಪಾಟಿನ ಮೇಲೆ.
ಅದರೊಳಗೆ ಎಲ್ಲವೂ ಒಂದೇ:
ಹವಾಮಾನ, ಪಿಯಾನೊ, ಮಂತ್ರಿಯ ಭಾಷಣ.
ಆಲೂಗಡ್ಡೆ ಬೇಯುತ್ತಿತ್ತು, ನಾವು ಕೇಳುತ್ತಿದ್ದೆವು.

ತಾಂಪೆರೆಯ ಕಾಗದದ ಗಿರಣಿ ಬಿಟ್ಟ ದಿನ
ತೈಸ್ತೊ ಒಂದು ಆಂಪ್ಲಿಫೈಯರ್ ಹೊತ್ತು ತಂದ,
ವಾರವಿಡೀ ಸೊಂಟ ಹಿಡಿದು ಮಲಗಿದ.
ಮರುವರ್ಷ, ಪೋರಿಯ ವಿಧವೆಯೊಬ್ಬಳಿಂದ
ನನ್ನೆತ್ತರದ ಸ್ಪೀಕರು ಎರಡು.
"ನಮ್ಮವರಿಗೆ ಇವು ಮಕ್ಕಳ ಹಾಗೆ" ಅಂದಳಂತೆ,
ಬೆಲೆಯಲ್ಲಿ ಮಾತ್ರ ಒಂದು ಯೂರೊ ಬಿಡಲಿಲ್ಲ.

ಅಷ್ಟರಲ್ಲಿ ಶುರುವಾಗಿತ್ತು ನನ್ನ ಪರೀಕ್ಷೆ.
ಒಂದೇ ಸಂಗೀತ, ಎರಡು ತಟ್ಟೆ:
ಒಂದು ಸಾದಾ ಸಿ.ಡಿ., ಸಂತೆಯಲ್ಲಿ ಎರಡು ಯೂರೊ;
ಇನ್ನೊಂದು ಸೂಪರ್ ಆಡಿಯೊ, ಮುಟ್ಟಲು ಕೈ ತೊಳೆಯಬೇಕು.
ಕಿಟಕಿಗೆ ಬೆನ್ನು ಹಾಕಿ ಕಣ್ಣು ಮುಚ್ಚುತ್ತೇನೆ.
"ರಾಯ್ಲಿ, ಇದು ಯಾವುದು?"

ಹಳೆ ಸ್ಪೀಕರಿನಲ್ಲಿ ನಾನು ಫೇಲು.
ಎರಡೂ ಒಂದೇ ಮಂಜು.
ಹೊಸದರಲ್ಲಿ ಹತ್ತಕ್ಕೆ ಒಂಬತ್ತು!
ಅಲ್ಲಿ ಪಿಟೀಲು ತಗಡು, ಇಲ್ಲಿ ಮರ,
ಮರದ ಸುತ್ತ ಗಾಳಿ, ಅಂದ ತೈಸ್ತೊ.
ಹಿಗ್ಗಿ, ಇದ್ದಬದ್ದ ತಟ್ಟೆಗಳನ್ನೆಲ್ಲ ಮತ್ತೆ ಕೊಂಡ.
ಕೇಳಿದ್ದಕ್ಕೇ ಎರಡು ಸಲ ಸುಂಕ,
ಎಲ್ಪಿ ಲೆಕ್ಕ ಹಿಡಿದರೆ ಮೂರು.
ಸೌನಾದ ಬಾಗಿಲು ಮಾತ್ರ ಇನ್ನೂ
ಒಂದೇ ಕೀಲಿನಲ್ಲಿ ಓರೆಯಾಗಿ ನೇತಾಡುತ್ತಿತ್ತು.

ತಗಡು, ಮರ, ಅವೆಲ್ಲ ಅವನ ಮಾತು.
ನಾನು ಕಾದದ್ದು ಬೇರೆಯದಕ್ಕೆ.
ಆ ತಟ್ಟೆ ಆರಿಸಿದವಳೂ ನಾನೇ, ಯಾಕೆಂದು ಅವನು ಕೇಳಲಿಲ್ಲ.

ಎಂಬತ್ತೊಂದರ ಫೆಬ್ರುವರಿ. ಕಲ್ಲಿನ ಚರ್ಚು.
ಸದ್ದು ಟೇಪಿಗೆ ಬೀಳುತ್ತದೆಂದು ಹೀಟರು ಆರಿಸಿದ್ದರು.
ಪಿಯಾನೊದ ಎಡಕ್ಕೆ ನಿಂತು, ಉಣ್ಣೆಯ ಕೋಟಿನಲ್ಲಿ,
ಪುಟ ತಿರುಗಿಸುತ್ತಿದ್ದವಳು ನಾನು.
ಕವರಿನಲ್ಲಿ ಪಿಯಾನೊ ಶ್ರುತಿ ಮಾಡಿದವನ ಹೆಸರೂ ಇದೆ,
ನನ್ನದಿಲ್ಲ.
ನಿಧಾನದ ಭಾಗದಲ್ಲಿ ಎರಡು ಹಾಳೆ ಅಂಟಿಕೊಂಡವು.
ಉಸಿರು ಬಿಗಿಹಿಡಿದು, ಮರಗಟ್ಟಿದ ಬೆರಳಲ್ಲಿ ಬಿಡಿಸಿ,
ತಿರುಗಿಸಿ,
ಆಮೇಲೆ ಬಿಟ್ಟೆ.

ಹಾಗೆ ಬಿಟ್ಟ ಉಸಿರು
ಎಲ್ಪಿಯಲ್ಲಿ ಕರಕರದಡಿ ಹೂತುಹೋಗಿತ್ತು,
ಸಾದಾ ತಟ್ಟೆಯಲ್ಲಿ ಇರಲೇ ಇಲ್ಲ,
ದುಬಾರಿಯದರಲ್ಲಿ ಇತ್ತು.
ಹತ್ತಕ್ಕೆ ಒಂಬತ್ತರ ಗುಟ್ಟು ಇಷ್ಟೇ:
ನಾನು ನಕಲು ಹೊಡೆದವಳು, ನನ್ನನ್ನೇ ನೋಡಿ.

ಹೋದ ನವೆಂಬರಿನಲ್ಲಿ ಬಂತು ಹೊಸ ಪ್ಲೇಯರು,
ಎರಡು ಜಾತಿಯ ತಟ್ಟೆಗೂ ಒಂದೇ ಬಾಯಿ,
ನಮ್ಮ ಕಾರಿಗಿಂತ ತುಸು ಅಗ್ಗ.
"ರಾಯ್ಲಿ, ಇದು ಯಾವುದು?"
ಉಸಿರು ಬಂತು. "ದುಬಾರಿಯದು."
ಮತ್ತೆ ಬಂತು. "ದುಬಾರಿಯದು."
ಆರು ಸಲ ಹಾಕಿದ, ಆರು ಸಲವೂ ಬಂತು.
"ಅದರಲ್ಲಿ ಮೂರು ಸಾದಾದು," ಅಂದ ತೈಸ್ತೊ,
ಮಂಜುಗಡ್ಡೆ ಕೊರೆದು ದಿನವಿಡೀ ಕೂತು
ಬರಿಗೈಲಿ ಮನೆಗೆ ಬಂದವನ ದನಿಯಲ್ಲಿ.

ಅಂದರೆ ಇತ್ತು.
ಸಂತೆಯ ರಟ್ಟಿನ ಪೆಟ್ಟಿಗೆಯಲ್ಲಿ, ಯಾರದೋ ಹಳೆ ಬೂಟಿನ ಪಕ್ಕ
ಎರಡು ಯೂರೊಗೆ ನನ್ನ ಉಸಿರು ಬಿದ್ದಿತ್ತು.
ತಟ್ಟೆ ಏನನ್ನೂ ಮರೆತಿರಲಿಲ್ಲ,
ಓದುವವನಿಗೆ ಅಕ್ಷರ ಬರುತ್ತಿರಲಿಲ್ಲ.

"ನಿನ್ನ ಕಿವಿಗೆ ವಯಸ್ಸಾಯಿತು," ಅಂದ.
ಹೌದಲ್ಲ. ಕಿವಿಯ ಡಾಕ್ಟರು ಗೆರೆ ಎಳೆದು ತೋರಿಸಿದ್ದಾಳೆ:
ಎಂಟು ಸಾವಿರದಾಚೆ ನನಗೆ ಬರೀ ಹಿಮ.
ಪುಟ್ಟ ಹಕ್ಕಿಗಳು ಬೇಲಿಯ ಮೇಲೆ ಕೂತು
ಸುಮ್ಮನೆ ಬಾಯಿ ತೆರೆದು ಮುಚ್ಚುತ್ತವೆ.
ಆದರೆ ಇಪ್ಪತ್ತೆರಡರ ಹುಡುಗಿ ನಿಟ್ಟುಸಿರಿಡುವುದು
ಅಷ್ಟು ಮೇಲಲ್ಲ.

ಆವಾಗ ಹೇಳಿದೆ, ಎಲ್ಲ ಹೇಳಿದೆ. ನಂಬಲಿಲ್ಲ.
ಸಾದಾ ತಟ್ಟೆ ಹಾಕಿದ. ನಾಲ್ಕನೇ ನಿಮಿಷಕ್ಕೆ ತಲೆ ಬಾಗಿಸಿದ.
ಇನ್ನೊಮ್ಮೆ ಹಾಕಿದ.
ಇನ್ನೊಮ್ಮೆ.
ಕೇಳಿತೋ ಇಲ್ಲವೋ, ಬಾಯಿ ಬಿಡಲಿಲ್ಲ ಗಂಡಸು.
ಎದ್ದುಹೋಗಿ ಡ್ರಾಯರಿನಲ್ಲಿ ಸ್ಕ್ರೂಡ್ರೈವರು ಹುಡುಕತೊಡಗಿದ.
ಯಾವುದಕ್ಕೆಂದು
ನಾನೂ ಕೇಳಲಿಲ್ಲ.